ಬಿಸಿಲು, ಚರ್ಮ ಮತ್ತು ಕುಟುಂಬ: ಮೈಬಣ್ಣ ಕವಚವಾದರೂ ಕಾವಲು ತಪ್ಪಬಾರದು

ಪ್ರತಿವರ್ಷ ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಿನಲ್ಲಿ ಮಧ್ಯಾಹ್ನ 12 ಗಂಟೆ 18 ನಿಮಿಷದ ಹೊತ್ತಿಗೆ, ನೆಲದ ಮೇಲೆ ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಕಾಣೆಯಾಗುತ್ತದೆ. ಸೂರ್ಯ ನೇರವಾಗಿ ನೆತ್ತಿಯ ಮೇಲೆ ಬರುವ ಈ ದಿನಕ್ಕೆ ಶೂನ್ಯ ನೆರಳಿನ ದಿನವೆಂದು ಹೆಸರು. ಹುಬ್ಬಳ್ಳಿಗೆ ಈ ದಿನ ಬರುವುದು ಮೇ ಮೊದಲ ವಾರದಲ್ಲಿ, ಕಲಬುರಗಿಗೆ ಮೇ ಎರಡನೆಯ ವಾರದಲ್ಲಿ. ಆಗಸ್ಟ್ ತಿಂಗಳಲ್ಲಿ ಸೂರ್ಯ ದಕ್ಷಿಣಕ್ಕೆ ಮರಳುವಾಗ ಇದೇ ದೃಶ್ಯ ಇನ್ನೊಮ್ಮೆ ಕಾಣಸಿಗುತ್ತದೆ. ಶಾಲಾ ಮಕ್ಕಳಿಗೆ ಇದು ವಿಜ್ಞಾನದ ಸೊಗಸಾದ ಪಾಠ. ಚರ್ಮದ ಪಾಲಿಗೆ ಮಾತ್ರ ಇದೊಂದು ಎಚ್ಚರಿಕೆ. ನೆರಳು ಗಿಡ್ಡವಾದಷ್ಟೂ ಸೂರ್ಯಕಿರಣವು ವಾಯುಮಂಡಲದಲ್ಲಿ ಸಾಗುವ ಹಾದಿ ಕಿರಿದಾಗುತ್ತದೆ. ಹಾದಿ ಕಿರಿದಾದಷ್ಟೂ ಮೈಗೆ ತಾಗುವ ಅತಿನೇರಳೆ ಕಿರಣದ ಪ್ರಮಾಣ ಏರುತ್ತದೆ.

ಚರ್ಮದ ಕ್ಯಾನ್ಸರ್ ಎಂದೊಡನೆ ಕನ್ನಡಿಗರಲ್ಲಿ ಬಹುಮಂದಿ ಅದು ಬಿಳಿಯರ ಕಾಯಿಲೆ ಎಂದು ಸುಮ್ಮನಾಗುತ್ತಾರೆ. ಈ ನಂಬಿಕೆಯಲ್ಲಿ ಸತ್ಯಾಂಶ ಇಲ್ಲದಿಲ್ಲ. ಕಂದು ಮತ್ತು ಕಪ್ಪು ಮೈಬಣ್ಣದವರಲ್ಲಿ ಈ ರೋಗ ವಿರಳ. ಆದರೆ ವಿರಳವೆಂಬ ಕಾರಣಕ್ಕೇ ಅದನ್ನು ಯಾರೂ ಹುಡುಕುವುದಿಲ್ಲ. ಹುಡುಕುವವರೂ ತಪ್ಪು ಜಾಗದಲ್ಲಿ ಹುಡುಕುತ್ತಾರೆ. ತಡವಾಗಿ ಪತ್ತೆಯಾಗುವುದೇ ಇಲ್ಲಿನ ನಿಜವಾದ ಅಪಾಯ.

ಕಾಣದ ಕಿರಣದ ಕೆಲಸ

ಜರ್ಮನಿಯ ವಿಜ್ಞಾನಿ ಯೋಹಾನ್ ವಿಲ್‌ಹೆಲ್ಮ್ ರಿಟ್ಟರ್ 1801ರಲ್ಲಿ ಬೆಳಕಿನ ಬಣ್ಣಗಳನ್ನು ಬೇರ್ಪಡಿಸಿ, ಒಂದೊಂದು ಬಣ್ಣವೂ ಸಿಲ್ವರ್ ಕ್ಲೋರೈಡನ್ನು ಎಷ್ಟು ಬೇಗ ಕಪ್ಪಾಗಿಸುತ್ತದೆಂದು ಪರೀಕ್ಷಿಸಿದನು. ನೇರಳೆ ಬಣ್ಣದಾಚೆ, ಕಣ್ಣಿಗೆ ಏನೂ ಕಾಣದ ಜಾಗದಲ್ಲಿ ಅದು ಎಲ್ಲಕ್ಕಿಂತ ಬೇಗ ಕಪ್ಪಾಯಿತು. ಅತಿನೇರಳೆ ಕಿರಣ ಬೆಳಕಿಗೆ ಬಂದದ್ದು ಹೀಗೆ.

ಈ ಕಿರಣಗಳಲ್ಲಿ ಎ, ಬಿ, ಸಿ ಎಂದು ಮೂರು ವಿಧ. ಸಿ ಕಿರಣವನ್ನು ಓಝೋನ್ ಪದರ ಮತ್ತು ವಾಯುಮಂಡಲ ಪೂರ್ತಿಯಾಗಿ ತಡೆಯುತ್ತವೆ. ಬಿ ಕಿರಣದ ಬಹುಪಾಲು ಮೇಲೆಯೇ ಉಳಿದು, ಅಲ್ಪಾಂಶ ಮಾತ್ರ ನೆಲ ಮುಟ್ಟುತ್ತದೆ. ನೆಲಕ್ಕೆ ತಲುಪುವ ಅತಿನೇರಳೆ ಕಿರಣದಲ್ಲಿ ಸುಮಾರು ಶೇ. 95ರಷ್ಟು ಎ ವಿಧದ್ದು. ಬಿ ಕಿರಣ ಚರ್ಮದ ಮೇಲ್ಪದರವನ್ನು ಸುಡುತ್ತದೆ, ಜೀವಕೋಶದ ಡಿಎನ್‌ಎ ಎಳೆಯನ್ನು ನೇರವಾಗಿ ಘಾಸಿಗೊಳಿಸುತ್ತದೆ. ಎ ಕಿರಣ ಇನ್ನಷ್ಟು ಆಳಕ್ಕಿಳಿದು ಚರ್ಮದ ಬಿಗುವನ್ನು ಕಾಯುವ ನಾರುಗಳನ್ನು ಸಡಿಲಿಸುತ್ತದೆ. ಸುಕ್ಕು, ಕಲೆ, ಅಕಾಲ ಮುಪ್ಪು ಇದರ ಫಲ. ಕ್ಯಾನ್ಸರ್‌ನಲ್ಲಿ ಎರಡರ ಪಾತ್ರವೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1992ರಲ್ಲಿಯೇ ಸೂರ್ಯನ ವಿಕಿರಣವನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಕಾರಕಗಳ ಪಟ್ಟಿಗೆ ಸೇರಿಸಿತು.

ಘಾಸಿಗೊಂಡ ಡಿಎನ್‌ಎಯನ್ನು ಜೀವಕೋಶವು ತಾನೇ ದುರಸ್ತಿ ಮಾಡಿಕೊಳ್ಳುತ್ತದೆ. ಹತ್ತಾರು ವರ್ಷ ಪದೇಪದೇ ಪೆಟ್ಟು ಬಿದ್ದಾಗ ಕೆಲವು ತಪ್ಪುಗಳು ತಿದ್ದದೆ ಉಳಿಯುತ್ತವೆ. ಅವು ಒಟ್ಟುಗೂಡಿ, ಅಂಕೆ ಮೀರಿ ಬೆಳೆಯುವ ಕೋಶ ಹುಟ್ಟಿದಾಗ ಕ್ಯಾನ್ಸರ್ ಆರಂಭವಾಗುತ್ತದೆ.

ಕಾವು ಬೇರೆ, ಕಿರಣ ಬೇರೆ

ಬಿಸಿಲಿನ ತಾಪವನ್ನೇ ಅಪಾಯದ ಅಳತೆಗೋಲೆಂದು ತಿಳಿಯುವುದು ಸಾಮಾನ್ಯ ತಪ್ಪು. ಮೈಗೆ ಬೆಚ್ಚಗಾಗುವುದು ಅವಕೆಂಪು ಕಿರಣದಿಂದ. ಚರ್ಮ ಸುಡುವುದು ಅತಿನೇರಳೆ ಕಿರಣದಿಂದ. ತಂಗಾಳಿ ಬೀಸುವ ಬೆಂಗಳೂರಿನ ಫೆಬ್ರವರಿ ಮಧ್ಯಾಹ್ನದಲ್ಲಿ ಸೆಖೆ ಕಾಣಿಸದಿದ್ದರೂ ಕಿರಣ ತೀಕ್ಷ್ಣವಾಗಿಯೇ ಇರುತ್ತದೆ. ಸಮುದ್ರಮಟ್ಟದಿಂದ 1000 ಮೀಟರ್ ಏರಿದರೆ ಅತಿನೇರಳೆ ಕಿರಣದ ಪ್ರಮಾಣ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ. ಬೆಂಗಳೂರು ನಿಂತಿರುವುದು 900 ಮೀಟರಿಗೂ ಮಿಕ್ಕಿದ ಎತ್ತರದಲ್ಲಿ. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯ ಶಿಖರ 1900 ಮೀಟರಿಗೂ ಎತ್ತರ. ಚಳಿಗೆ ಬೆಟ್ಟ ಹತ್ತಿದವರು ಸಂಜೆ ಮುಖ ಉರಿಯುತ್ತಿದೆ ಎನ್ನುವುದಕ್ಕೆ ಇದೇ ಕಾರಣ.

ಮೋಡ ಕವಿದ ದಿನವೂ ಪೂರ್ಣ ಸುರಕ್ಷಿತವಲ್ಲ. ತೆಳುಮೋಡದ ಮೂಲಕ ಕಿರಣದ ಶೇ. 80ರಷ್ಟು ಭಾಗ ದಾಟಿ ಬರಬಲ್ಲದು. ಮುಂಗಾರಿನ ದಟ್ಟ ಕಾರ್ಮೋಡ ಮಾತ್ರ ಅದನ್ನು ಗಣನೀಯವಾಗಿ ತಗ್ಗಿಸುತ್ತದೆ. ಒಣ ಮರಳು ಶೇ. 15ರಷ್ಟನ್ನೂ ಸಮುದ್ರದ ನೊರೆ ಶೇ. 25ರಷ್ಟನ್ನೂ ಪ್ರತಿಫಲಿಸುವುದರಿಂದ, ಮಲ್ಪೆ ಅಥವಾ ಕಾರವಾರದ ತೀರದಲ್ಲಿ ಕೊಡೆ ಹಿಡಿದವರಿಗೂ ಕೆಳಗಿನಿಂದ ಕಿರಣ ತಾಗುತ್ತದೆ. ನೀರಿನಲ್ಲಿ ಅರ್ಧ ಮೀಟರ್ ಆಳದಲ್ಲಿಯೂ ಮೇಲ್ಮೈಯ ಶೇ. 40ರಷ್ಟು ಕಿರಣ ಇರುತ್ತದೆ. ಕಿಟಕಿಯ ಸಾಮಾನ್ಯ ಗಾಜು ಬಿ ಕಿರಣವನ್ನು ಬಹುತೇಕ ತಡೆದರೂ ಎ ಕಿರಣವನ್ನು ಒಳಬಿಡುತ್ತದೆ. ನಿತ್ಯ ಒಂದೇ ಬದಿಯಿಂದ ಬಿಸಿಲು ತಾಗಿಸಿಕೊಳ್ಳುವ ಚಾಲಕರ ಒಂದು ತೋಳು ಇನ್ನೊಂದಕ್ಕಿಂತ ಕಪ್ಪಾಗುವುದನ್ನು ಯಾರಾದರೂ ಗಮನಿಸಬಹುದು.

ಈ ತೀಕ್ಷ್ಣತೆಯನ್ನು ತಿಳಿಸುವುದಕ್ಕಾಗಿಯೇ ಅತಿನೇರಳೆ ಸೂಚ್ಯಂಕ ಇದೆ. ಸೂಚ್ಯಂಕ 2ರವರೆಗೆ ಇದ್ದರೆ ಭಯವಿಲ್ಲ. 3ರಿಂದ ಮೇಲೆ ರಕ್ಷಣೆ ಬೇಕು. 8ರಿಂದ 10 ಅತಿ ಹೆಚ್ಚು. 11 ಮತ್ತು ಅದಕ್ಕೂ ಮೇಲ್ಪಟ್ಟದ್ದು ತೀವ್ರ. ಕರ್ನಾಟಕದ ಬೇಸಿಗೆಯಲ್ಲಿ ನಿರಭ್ರ ನಡುಹಗಲಿನ ಸೂಚ್ಯಂಕ 11ನ್ನು ದಾಟುವುದು ಮಾಮೂಲು. ಮೊಬೈಲ್ ಫೋನಿನ ಹವಾಮಾನ ಪುಟದಲ್ಲಿ ಉಷ್ಣಾಂಶದ ಜತೆಗೇ ಈ ಅಂಕಿ ಸಿಗುತ್ತದೆ. ಫೋನು ಇಲ್ಲದವರಿಗೆ ನೆರಳೇ ಸೂಚ್ಯಂಕ: ನೆರಳು ತನ್ನ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಮರೆ ಹುಡುಕಬೇಕು, ಉದ್ದವಾಗಿದ್ದರೆ ಅಪಾಯ ಕಡಿಮೆ.

ಮೆಲನಿನ್ ಎಂಬ ಕೊಡೆ

ಚರ್ಮಕ್ಕೆ ಬಣ್ಣ ಕೊಡುವ ವರ್ಣಕೋಶಗಳ ಸಂಖ್ಯೆ ಎಲ್ಲ ಮನುಷ್ಯರಲ್ಲಿಯೂ ಹೆಚ್ಚುಕಡಿಮೆ ಸಮ. ವ್ಯತ್ಯಾಸವಿರುವುದು ಅವು ತಯಾರಿಸುವ ಮೆಲನಿನ್‌ನ ಪ್ರಮಾಣ, ವಿಧ ಮತ್ತು ಹಂಚಿಕೆಯಲ್ಲಿ. ಈ ಮೆಲನಿನ್ ಚರ್ಮದ ಕೋಶಗಳಿಗೆ ರವಾನೆಯಾಗಿ, ಕೋಶಕೇಂದ್ರದ ಮೇಲೆ ಕೊಡೆ ಬಿಚ್ಚಿದಂತೆ ಕವಿದು ಡಿಎನ್‌ಎಯನ್ನು ಕಾಯುತ್ತದೆ. ಅತಿ ಕಪ್ಪು ಚರ್ಮಕ್ಕೆ ನಿಸರ್ಗವೇ ಕೊಟ್ಟ ಈ ರಕ್ಷಣೆ ಸುಮಾರು 13 ಎಸ್‌ಪಿಎಫ್‌ಗೆ ಸಮವೆಂದು ಅಳೆಯಲಾಗಿದೆ. ಬಿಳಿಚರ್ಮದಲ್ಲಿ ಅದು 3ರ ಆಸುಪಾಸು. ಕಂದು ಚರ್ಮ ಇವೆರಡರ ನಡುವಿನದು.

ಫಲಿತಾಂಶ ಅಂಕಿಸಂಖ್ಯೆಗಳಲ್ಲಿ ಸ್ಪಷ್ಟವಾಗಿದೆ. ಆಸ್ಟ್ರೇಲಿಯಾದಲ್ಲಿ 70 ವರ್ಷ ತುಂಬುವುದರೊಳಗೆ ಮೂವರಲ್ಲಿ ಇಬ್ಬರಿಗೆ ಯಾವುದಾದರೊಂದು ಬಗೆಯ ಚರ್ಮದ ಕ್ಯಾನ್ಸರ್ ಪತ್ತೆಯಾಗುತ್ತದೆ. ಅಲ್ಲಿ ಮೆಲನೋಮಾ ವರ್ಷಕ್ಕೆ ಲಕ್ಷ ಜನರಲ್ಲಿ 30ಕ್ಕೂ ಹೆಚ್ಚು ಮಂದಿಯನ್ನು ಕಾಡಿದರೆ, ಭಾರತದಲ್ಲಿ ಒಬ್ಬರಿಗಿಂತಲೂ ಕಡಿಮೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ 1980ರ ದಶಕದ ಆರಂಭದಿಂದ ನಡೆದುಬಂದಿರುವ ಕ್ಯಾನ್ಸರ್ ನೋಂದಣಿಯಲ್ಲಿಯೂ ಚರ್ಮದ ಕ್ಯಾನ್ಸರ್‌ನ ಪಾಲು ತೀರ ಚಿಕ್ಕದು.

ಆದರೆ ಇನ್ನೊಂದು ಲೆಕ್ಕವೂ ಇದೆ. ಅಮೆರಿಕದಲ್ಲಿ ಮೆಲನೋಮಾ ತಗುಲಿದ ಬಿಳಿಯರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಐದು ವರ್ಷದ ಗಡಿ ದಾಟುತ್ತಾರೆ. ಕಪ್ಪುವರ್ಣೀಯರಲ್ಲಿ ಈ ಪ್ರಮಾಣ ಶೇ. 70ರ ಸುಮಾರು. ರೋಗ ಬರುವುದು ಕಡಿಮೆ, ಬಂದರೆ ಸಾವು ಹೆಚ್ಚು. ಇದಕ್ಕೆ ಮುಖ್ಯ ಕಾರಣ ತಡವಾದ ಪತ್ತೆ. ಮೈಬಣ್ಣ ಕವಚವಾದಂತೆ ಮರೆಯೂ ಆಗುತ್ತದೆ.

ಮೂರು ಬಗೆಯ ಕ್ಯಾನ್ಸರ್

ಮೊದಲನೆಯದು ಚರ್ಮದ ಮೇಲ್ಪದರದ ತಳದ ಕೋಶಗಳಲ್ಲಿ ಹುಟ್ಟುವ ಬೇಸಲ್ ಸೆಲ್ ಕಾರ್ಸಿನೋಮಾ. ಮೂಗು, ಕಣ್ಣಿನ ಅಂಚು, ಕೆನ್ನೆಗಳಲ್ಲಿ ಮುತ್ತಿನಂತೆ ಮಿನುಗುವ ಚಿಕ್ಕ ಗಂಟಾಗಿ ಕಾಣಿಸಿಕೊಂಡು ನಿಧಾನವಾಗಿ ಬೆಳೆಯುತ್ತದೆ. ಬೇರೆ ಅಂಗಗಳಿಗೆ ಹರಡುವುದು ಅಪರೂಪವಾದರೂ, ಬಿಟ್ಟರೆ ಮೂಗು ಅಥವಾ ರೆಪ್ಪೆಯನ್ನೇ ಕೊರೆದು ತಿನ್ನುತ್ತದೆ. ಭಾರತೀಯರ ಚರ್ಮದಲ್ಲಿ ಇದು ಕಪ್ಪು ಬಣ್ಣ ತಳೆಯುವುದೇ ಹೆಚ್ಚು. ಆದ್ದರಿಂದ ಮಚ್ಚೆಯೆಂದು ಉಪೇಕ್ಷೆಗೊಳಗಾಗುತ್ತದೆ.

ಎರಡನೆಯದು ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ. ಒರಟಾದ, ಹೊಪ್ಪಳೆಗಟ್ಟುವ, ಮುಟ್ಟಿದರೆ ರಕ್ತ ಜಿನುಗುವ, ವಾಸಿಯಾಗದ ಹುಣ್ಣು ಇದರ ರೂಪ. ಕೆಳತುಟಿ, ಕಿವಿಯ ಅಂಚು, ಕೈಯ ಹಿಂಬದಿ ಇದರ ನೆಲೆಗಳು. ಇದು ಹಾಲುರಸ ಗ್ರಂಥಿಗಳಿಗೆ ಹರಡಬಲ್ಲದು.

ಮೂರನೆಯದು ವರ್ಣಕೋಶಗಳಲ್ಲೇ ಹುಟ್ಟುವ ಮೆಲನೋಮಾ. ಮೂರರಲ್ಲಿ ಅತಿ ವಿರಳ, ಅತಿ ಘಾತಕ. ಇದರ ಭವಿಷ್ಯ ನಿರ್ಧಾರವಾಗುವುದು ಗಡ್ಡೆ ಎಷ್ಟು ಮಿಲಿಮೀಟರ್ ಆಳಕ್ಕೆ ಇಳಿದಿದೆ ಎಂಬುದರಿಂದ. ಒಂದು ಮಿಲಿಮೀಟರಿಗೂ ತೆಳುವಾಗಿದ್ದಾಗ ಕತ್ತರಿಸಿ ತೆಗೆದರೆ ಬಹುತೇಕರು ಪೂರ್ಣ ಗುಣ ಹೊಂದುತ್ತಾರೆ. ಕೆಲವು ತಿಂಗಳ ತಡ ಆ ಅವಕಾಶವನ್ನೇ ಕಿತ್ತುಕೊಳ್ಳಬಹುದು.

ಬಿಸಿಲು ಬೀಳದ ಜಾಗದಲ್ಲಿ

ಕಂದು ಮತ್ತು ಕಪ್ಪು ಚರ್ಮದವರಲ್ಲಿ ಮೆಲನೋಮಾ ಹೆಚ್ಚಾಗಿ ಕಾಣಿಸಿಕೊಳ್ಳುವುದು ಅಂಗಾಲು, ಅಂಗೈ ಮತ್ತು ಉಗುರಿನಡಿ. ಬಿಸಿಲಿಗೂ ಈ ಜಾಗಗಳಿಗೂ ನಂಟು ಕಡಿಮೆ. ಜಮೈಕಾದ ಖ್ಯಾತ ಗಾಯಕ ಬಾಬ್ ಮಾರ್ಲೆಯ ಕಾಲ್ಬೆರಳ ಉಗುರಿನಡಿಯ ಗಾಯವನ್ನು ಮೊದಲು ಫುಟ್‌ಬಾಲ್ ಆಟದ ಪೆಟ್ಟೆಂದು ಭಾವಿಸಲಾಗಿತ್ತು. ಅದು ಮೆಲನೋಮಾ ಎಂದು ಗೊತ್ತಾದದ್ದು 1977ರಲ್ಲಿ. 1981ರ ಮೇ ತಿಂಗಳಲ್ಲಿ, 36ರ ವಯಸ್ಸಿನಲ್ಲಿ ಆತ ತೀರಿಕೊಂಡ. ಬರಿಗಾಲಲ್ಲಿ ನಡೆಯುವ ರೂಢಿಯಿರುವ ನಾಡಿನಲ್ಲಿ ಅಂಗಾಲಿನ ಕಪ್ಪು ಕಲೆಯನ್ನು ಆಣಿ, ಮುಳ್ಳು ಚುಚ್ಚಿದ ಗುರುತು ಅಥವಾ ಹೆಪ್ಪುಗಟ್ಟಿದ ರಕ್ತವೆಂದು ತಳ್ಳಿಹಾಕುವುದು ಸುಲಭ.

ಸ್ಕ್ವೇಮಸ್ ಸೆಲ್ ಕ್ಯಾನ್ಸರ್ ಕೂಡ ಭಾರತದಲ್ಲಿ ಬಿಸಿಲಿನ ಹೊರತಾಗಿ ಇತರ ಕಾರಣಗಳಿಂದ ಬರುವುದುಂಟು. ಹತ್ತಾರು ವರ್ಷ ಹಳೆಯ ಸುಟ್ಟಗಾಯದ ಕಲೆ, ಮಾಯದ ಕಾಲಿನ ಹುಣ್ಣು ಇವುಗಳಲ್ಲಿ ಹುಟ್ಟುವ ಕ್ಯಾನ್ಸರಿಗೆ 19ನೆಯ ಶತಮಾನದ ಫ್ರೆಂಚ್ ಶಸ್ತ್ರವೈದ್ಯ ಮಾರ್ಜೋಲಿನ್‌ನ ಹೆಸರಿದೆ. ಕಾಶ್ಮೀರದಲ್ಲಿ ಚಳಿಗೆ ಫೆರನ್‌ನೊಳಗೆ ಇಟ್ಟುಕೊಳ್ಳುವ ಕೆಂಡದ ಕಾಂಗ್ಡಿಯಿಂದ ತೊಡೆ, ಹೊಟ್ಟೆಗಳಲ್ಲಿ ಬರುವ ಕ್ಯಾನ್ಸರ್ ಪ್ರಸಿದ್ಧ. ಸೀರೆಯ ಒಳಲಂಗದ ಲಾಡಿಯನ್ನು ಹಲವು ದಶಕ ಒಂದೇ ಜಾಗದಲ್ಲಿ ಬಿಗಿದು ಕಟ್ಟಿದ ಕಾರಣ ಸೊಂಟದಲ್ಲಿ ಹುಣ್ಣಾಗಿ, ಅದು ಕ್ಯಾನ್ಸರಾದ ಇಬ್ಬರು ಹಿರಿಯ ಮಹಿಳೆಯರ ವೃತ್ತಾಂತವನ್ನು ಮಹಾರಾಷ್ಟ್ರ ಮತ್ತು ಬಿಹಾರದ ವೈದ್ಯರು 2024ರಲ್ಲಿ ವೈದ್ಯಕೀಯ ನಿಯತಕಾಲಿಕವೊಂದರಲ್ಲಿ ಪ್ರಕಟಿಸಿದರು. ಲಾಡಿಯ ಬದಲು ಅಗಲ ಪಟ್ಟಿ ಬಳಸುವುದು, ಕಟ್ಟುವ ಜಾಗ ಬದಲಿಸುವುದು, ಚರ್ಮ ಒರಟಾದರೆ ತೋರಿಸುವುದು ಇಷ್ಟೇ ಇದಕ್ಕೆ ಮುನ್ನೆಚ್ಚರಿಕೆ.

ಮನೆಯಲ್ಲಿ ಯಾರಿಗೆ ಹೆಚ್ಚು ಎಚ್ಚರ

ಕುಟುಂಬದ ಎಲ್ಲರಿಗೂ ಅಪಾಯ ಒಂದೇ ಸಮನಾಗಿರುವುದಿಲ್ಲ. ಮೊದಲ ಸ್ಥಾನ ಆಲ್ಬಿನಿಸಂ ಇರುವ ಮಕ್ಕಳದು. ಇವರ ಚರ್ಮದಲ್ಲಿ ಮೆಲನಿನ್ ಇಲ್ಲವೇ ಇಲ್ಲ ಅಥವಾ ತೀರ ಅಲ್ಪ. ಸೂಕ್ತ ರಕ್ಷಣೆಯಿಲ್ಲದೆ ಬಿಸಿಲಿನ ನಾಡಿನಲ್ಲಿ ಬೆಳೆದರೆ ತಾರುಣ್ಯದಲ್ಲೇ ಕ್ಯಾನ್ಸರ್ ಬರಬಹುದು. ಇಂಥ ಮಗುವನ್ನು ಶಾಲೆಯಲ್ಲಿ ಕಿಟಕಿಯಿಂದ ದೂರ ಕೂರಿಸುವುದು, ಬಿಸಿಲಿನ ಪ್ರಾರ್ಥನೆ ಮತ್ತು ಆಟದ ಅವಧಿಯಿಂದ ವಿನಾಯಿತಿ ಕೊಡುವುದು, ತುಂಬುತೋಳಿನ ಉಡುಪಿಗೆ ಒಪ್ಪುವುದು ದಯೆಯ ವಿಷಯವಲ್ಲ. ಅದು ಚಿಕಿತ್ಸೆಯ ಭಾಗ. ತೊನ್ನು ಇದಕ್ಕಿಂತ ಬೇರೆ. ತೊನ್ನಿನ ಬಿಳಿ ಕಲೆ ಬಿಸಿಲಿಗೆ ಬೇಗ ಸುಡುತ್ತದೆ, ಆದರೆ ಕ್ಯಾನ್ಸರ್ ಸಂಭವ ಅದರಿಂದ ಹೆಚ್ಚುವುದಿಲ್ಲ.

ಮೂತ್ರಪಿಂಡ ಮುಂತಾದ ಅಂಗ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಸೇವಿಸುವವರು ಎರಡನೆಯ ಗುಂಪು. ಕೆಲವು ಸಾಮಾನ್ಯ ಮಾತ್ರೆಗಳೂ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮವಾಗಿಸುತ್ತವೆ; ಡಾಕ್ಸಿಸೈಕ್ಲಿನ್ ಮತ್ತು ರಕ್ತದೊತ್ತಡಕ್ಕೆ ಕೊಡುವ ಹೈಡ್ರೋಕ್ಲೋರೋಥಯಾಜೈಡ್ ಇವುಗಳಲ್ಲಿ ಸೇರಿವೆ. ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ವೈದ್ಯರಲ್ಲಿ ವಿಚಾರಿಸುವುದು ಲೇಸು.

ಮೂರನೆಯ ಗುಂಪು ಬಿಸಿಲಿನಲ್ಲೇ ಅನ್ನ ದುಡಿಯುವವರದು: ರೈತರು, ಕಟ್ಟಡ ಕಾರ್ಮಿಕರು, ಸಂಚಾರ ಪೊಲೀಸರು, ಪೌರಕಾರ್ಮಿಕರು, ಮೀನುಗಾರರು, ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನ ಆಗರಗಳಲ್ಲಿ ದುಡಿಯುವವರು. ಮೆಲನೋಮಾ ಹೊರತಾದ ಚರ್ಮದ ಕ್ಯಾನ್ಸರಿನಿಂದ ಸಂಭವಿಸುವ ಸಾವುಗಳಲ್ಲಿ ಸುಮಾರು ಮೂರನೆಯ ಒಂದು ಭಾಗಕ್ಕೆ ಬಿಸಿಲಿನ ದುಡಿಮೆಯೇ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2023ರಲ್ಲಿ ಜಂಟಿಯಾಗಿ ಅಂದಾಜಿಸಿವೆ. ಇವರ ಕಣ್ಣಿಗೂ ಪೊರೆ ಬೇಗ ಬರುವ ಸಂಭವವಿದೆ.

ಆರು ತಿಂಗಳೊಳಗಿನ ಹಸುಗೂಸಿಗೆ ನೇರ ಬಿಸಿಲೂ ಬೇಡ, ಸನ್‌ಸ್ಕ್ರೀನ್ ಕೂಡ ಬೇಡ. ನೆರಳು ಮತ್ತು ತೆಳುವಾದ ಹತ್ತಿ ಬಟ್ಟೆ ಸಾಕು. ಎಣ್ಣೆ ಹಚ್ಚಿ ಬಿಸಿಲಿಗೆ ಮಲಗಿಸುವ ರೂಢಿಯಿರುವ ಮನೆಗಳಲ್ಲಿ, ಎಣ್ಣೆಯಿಂದ ಕಿರಣಕ್ಕೆ ಹೇಳಿಕೊಳ್ಳುವಂಥ ತಡೆ ಸಿಗುವುದಿಲ್ಲವೆಂಬುದು ನೆನಪಿರಬೇಕು.

ಮೊದಲು ನೆರಳು, ನಂತರ ಬಟ್ಟೆ

ದಿನದ ಅತಿನೇರಳೆ ಕಿರಣದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಭೂಮಿಗಿಳಿಯುವುದು ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರೊಳಗೆ. ಕರ್ನಾಟಕದಲ್ಲಿ ಸೂರ್ಯ ನೆತ್ತಿಗೇರುವುದು ಗಡಿಯಾರದ 12ಕ್ಕಲ್ಲ, ಅದಕ್ಕೂ ಸ್ವಲ್ಪ ತಡವಾಗಿ. ಮಂಗಳೂರಿನಲ್ಲಿ ಬೆಂಗಳೂರಿಗಿಂತ ಹತ್ತು ನಿಮಿಷ ಇನ್ನೂ ತಡ. ಆದ್ದರಿಂದ 10ರಿಂದ 3ರವರೆಗಿನ ಹೊತ್ತನ್ನು ಕಟ್ಟೆಚ್ಚರದ ಹೊತ್ತೆಂದು ಭಾವಿಸುವುದು ಕ್ಷೇಮ. ಬೇಸಿಗೆ ರಜೆಯ ಕ್ರಿಕೆಟ್, ಈಜು, ಕ್ರೀಡಾಕೂಟದ ತಾಲೀಮುಗಳನ್ನು ಬೆಳಗಿಗೂ ಸಂಜೆಗೂ ಸರಿಸಿದರೆ ಖರ್ಚಿಲ್ಲದೆ ಅರ್ಧ ರಕ್ಷಣೆ ದೊರೆತಂತೆ.

ಹೊರಹೋಗಲೇಬೇಕಾದವರಿಗೆ ಬಟ್ಟೆಯೇ ಉತ್ತಮ ಕವಚ. ಒತ್ತಾದ ನೇಯ್ಗೆ, ಗಾಢ ಬಣ್ಣ, ಸಡಿಲ ಹೊಲಿಗೆ ಇರುವ ತುಂಬುತೋಳಿನ ಅಂಗಿ ದಿನವಿಡೀ ಕೆಲಸ ಮಾಡುತ್ತದೆ. ಸನ್‌ಸ್ಕ್ರೀನಿನಂತೆ ಬೆವರಿಗೆ ಇಳಿಯುವುದಿಲ್ಲ. ತೆಳು ಬಿಳಿ ಹತ್ತಿಬಟ್ಟೆ ಒದ್ದೆಯಾದಾಗ ಅದರ ತಡೆ ಇನ್ನೂ ಕುಗ್ಗುತ್ತದೆ. ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ಆಚೆಯದು ಕಾಣುವಂತಿದ್ದರೆ ಕಿರಣವೂ ದಾಟುತ್ತದೆಂದು ತಿಳಿಯಬೇಕು.

ಟೋಪಿಯ ಅಂಚು ಸುತ್ತಲೂ ಕನಿಷ್ಠ ಏಳೂವರೆ ಸೆಂಟಿಮೀಟರ್ ಅಗಲವಿರಬೇಕು. ಕ್ರಿಕೆಟ್ ಕ್ಯಾಪ್ ಹಣೆಯನ್ನು ಕಾಯುತ್ತದೆ. ಕಿವಿ ಮತ್ತು ಕತ್ತಿನ ಹಿಂಭಾಗವನ್ನು ಬಿಟ್ಟುಬಿಡುತ್ತದೆ. ಕರಾವಳಿಯ ಮುಟ್ಟಾಳೆಯ ಮಿತಿಯೂ ಅದೇ. ಬಯಲುಸೀಮೆಯ ರೈತ ತಲೆಗೆ ಸುತ್ತುವ ರುಮಾಲಿನ ತುದಿಯನ್ನು ಕತ್ತಿನ ಮೇಲೆ ಇಳಿಬಿಡುವುದು, ಗದ್ದೆಯಲ್ಲಿ ದುಡಿಯುವ ಹೆಂಗಸರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹಳೆಯ ಅಂಗಿ ತೊಡುವುದು ಇವು ಯಾರೂ ಕಲಿಸದೆ ಬಂದ ಸರಿಯಾದ ಕ್ರಮಗಳು.

ಆಸ್ಟ್ರೇಲಿಯಾದಲ್ಲಿ 1981ರಲ್ಲಿ ಆರಂಭವಾದ ಜಾಗೃತಿ ಆಂದೋಲನ ಅಂಗಿ, ಸನ್‌ಸ್ಕ್ರೀನ್, ಟೋಪಿ ಎಂಬ ಮೂರೇ ಮಾತುಗಳನ್ನು ಜನರ ಬಾಯಿಗೆ ತಂದಿತು. ಅಲ್ಲಿನ ಅನೇಕ ಶಾಲೆಗಳಲ್ಲಿ ಟೋಪಿಯಿಲ್ಲದ ಮಗುವಿಗೆ ಮೈದಾನದಲ್ಲಿ ಆಟವಿಲ್ಲ. ಮೆಲ್ಬರ್ನ್, ಸಿಡ್ನಿಗಳಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳೂ ಈ ನಿಯಮದಲ್ಲೇ ಬೆಳೆಯುತ್ತಿದ್ದಾರೆ.

ಸನ್‌ಸ್ಕ್ರೀನ್: ಅಂಕಿಯ ಅರ್ಥ

ಎಸ್‌ಪಿಎಫ್ ಎಂಬುದು ಬಿ ಕಿರಣದ ವಿರುದ್ಧದ ಅಳತೆ. 15ರ ಲೇಪ ಶೇ. 93ರಷ್ಟು, 30ರದು ಶೇ. 97ರಷ್ಟು, 50ರದು ಶೇ. 98ರಷ್ಟು ಕಿರಣವನ್ನು ತಡೆಯುತ್ತದೆ. ಅಂಕಿ ದುಪ್ಪಟ್ಟಾದರೆ ರಕ್ಷಣೆ ದುಪ್ಪಟ್ಟಾಗುವುದಿಲ್ಲ. ಎ ಕಿರಣದ ತಡೆಯನ್ನು ಪಿಎ ಎಂಬ ಅಕ್ಷರಗಳ ಮುಂದಿನ ಕೂಡುಚಿಹ್ನೆಗಳು ಸೂಚಿಸುತ್ತವೆ. ಮೂರು ಅಥವಾ ನಾಲ್ಕು ಚಿಹ್ನೆ ಇರುವುದು ಉತ್ತಮ. ದಿನಬಳಕೆಗೆ 30ರ ಲೇಪ ಸಾಕು.

ಪ್ರಯೋಗಾಲಯದಲ್ಲಿ ಈ ಅಂಕಿಯನ್ನು ನಿರ್ಧರಿಸುವಾಗ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಲೇಪ ಹಚ್ಚಲಾಗುತ್ತದೆ. ಜನ ಹಚ್ಚುವುದು ಅದರ ಅರ್ಧವೋ ಕಾಲೋ. ಹೀಗಾಗಿ ಡಬ್ಬಿಯ ಮೇಲಿನ 30 ಮುಖದ ಮೇಲೆ 30 ಆಗಿ ಉಳಿಯುವುದಿಲ್ಲ. ಮುಖ ಮತ್ತು ಕತ್ತಿಗೆ ಎರಡು ಬೆರಳುದ್ದದ ಎರಡು ಗೆರೆ ಬೇಕು. ವಯಸ್ಕರ ಇಡೀ ಮೈಗೆ 30 ಮಿಲಿಲೀಟರಿಗೂ ಹೆಚ್ಚು ಬೇಕಾಗುವುದರಿಂದ, 50 ಮಿಲಿಲೀಟರಿನ ಟ್ಯೂಬು ಎರಡು ಸಲಕ್ಕೂ ಸಾಲದು. ಹೊರಡುವ ಕಾಲು ಗಂಟೆ ಮೊದಲು ಹಚ್ಚಿ, ಎರಡು ಗಂಟೆಗೊಮ್ಮೆ, ಈಜಿದ ಅಥವಾ ಬೆವರಿದ ಮೇಲೆ ಮತ್ತೆ ಹಚ್ಚಬೇಕು. ಈ ಲೆಕ್ಕ ನೋಡಿದರೆ, ಬಟ್ಟೆ ಮುಚ್ಚದ ಮುಖ, ಕಿವಿ, ಕತ್ತು, ಕೈಗಳಿಗೆ ಮಾತ್ರ ಲೇಪ, ಉಳಿದ ಮೈಗೆ ಬಟ್ಟೆ ಎಂಬ ಕ್ರಮವೇ ಮಧ್ಯಮವರ್ಗದ ಸಂಸಾರಕ್ಕೆ ಹೊಂದುತ್ತದೆ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ನಂಬೂರ್ ಪಟ್ಟಣದಲ್ಲಿ 1992ರಿಂದ 1996ರವರೆಗೆ 1600ಕ್ಕೂ ಹೆಚ್ಚು ಜನರ ಮೇಲೆ ನಡೆದ ಪ್ರಯೋಗದಲ್ಲಿ, ನಿತ್ಯ ಸನ್‌ಸ್ಕ್ರೀನ್ ಬಳಸಿದವರಿಗೆ ಸ್ಕ್ವೇಮಸ್ ಸೆಲ್ ಕ್ಯಾನ್ಸರ್ ಸುಮಾರು ಶೇ. 40ರಷ್ಟು ಕಡಿಮೆಯಾಯಿತು. ಆ ಫಲಿತಾಂಶ ಬಹುಪಾಲು ಬಿಳಿಚರ್ಮದವರದು. ಕಂದು ಚರ್ಮದವರಿಗೆ ಸನ್‌ಸ್ಕ್ರೀನಿನಿಂದ ಕಣ್ಣಿಗೆ ಕಾಣುವ ಲಾಭವೆಂದರೆ ಭಂಗು, ಮೊಡವೆಯ ಕಲೆ, ಬಿಸಿಲಿನ ಗಂಧೆಗಳ ಹತೋಟಿ. ಭಂಗು ಇರುವವರಿಗೆ ಕಬ್ಬಿಣದ ಆಕ್ಸೈಡ್ ಬೆರೆತ, ಚರ್ಮದ ಬಣ್ಣದ ಲೇಪ ಹೆಚ್ಚು ಉಪಯುಕ್ತ. ಕಣ್ಣಿಗೆ ಕಾಣುವ ಬೆಳಕೂ ಭಂಗನ್ನು ಕೆರಳಿಸುವುದರಿಂದ ಸಾದಾ ಲೇಪ ಸಾಲುವುದಿಲ್ಲ.

ಮನೆಮದ್ದು ಮತ್ತು ಬಿಳುಪಿನ ಮುಲಾಮು

ಮುಖಕ್ಕೆ ನಿಂಬೆರಸ ಹಚ್ಚಿ ಬಿಸಿಲಿಗೆ ಹೋಗುವುದು ಅಪಾಯಕರ. ನಿಂಬೆಯಲ್ಲಿರುವ ಕೆಲವು ರಾಸಾಯನಿಕಗಳು ಬಿಸಿಲಿನೊಡನೆ ಸೇರಿ ಚರ್ಮದಲ್ಲಿ ಬೊಬ್ಬೆ ಎಬ್ಬಿಸಿ, ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಸುತ್ತವೆ. ತೊನ್ನಿಗೆಂದು ಬಾವಂಚಿ ಬೀಜವನ್ನು ಅರೆದು ಹಚ್ಚಿ ಬಿಸಿಲಿಗೆ ಮೈಯೊಡ್ಡುವುದರಲ್ಲಿಯೂ ಇದೇ ಕ್ರಿಯೆ ನಡೆಯುತ್ತದೆ. ವೈದ್ಯರ ಮೇಲ್ವಿಚಾರಣೆಯಿಲ್ಲದೆ ಮಾಡಿದರೆ ಸುಟ್ಟಗಾಯವೇ ಗತಿ.

ಬಿಳುಪಿನ ಆಸೆಯಿಂದ ಔಷಧಿ ಅಂಗಡಿಯಲ್ಲಿ ಕೇಳಿ ಪಡೆಯುವ ಸ್ಟಿರಾಯ್ಡ್ ಬೆರೆತ ಮುಲಾಮು ಇನ್ನೂ ಕೆಟ್ಟದ್ದು. ಕೆಲವು ವಾರ ಮುಖ ಹೊಳೆದಂತೆ ಕಂಡು, ಆಮೇಲೆ ಚರ್ಮ ತೆಳುವಾಗಿ, ರಕ್ತನಾಳಗಳು ಮೇಲೆ ಕಾಣಿಸಿ, ಬಿಸಿಲು ಸೋಕಿದೊಡನೆ ಉರಿಯತೊಡಗುತ್ತದೆ. ಕೇಂದ್ರ ಸರಕಾರ 2018ರಲ್ಲಿ 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಆದೇಶಿಸಿತು. ನಿಸರ್ಗ ಕೊಟ್ಟ ಮೆಲನಿನ್ ಕವಚವನ್ನು ಹಣ ತೆತ್ತು ಕೆಡಿಸಿಕೊಳ್ಳುವುದಕ್ಕಿಂತ ವಿಪರ್ಯಾಸ ಇನ್ನೊಂದಿಲ್ಲ.

ಬಿಸಿಲಿಗೆ ಸುಟ್ಟಾಗ ಕಂದು ಚರ್ಮ ಕೆಂಪಾಗಿ ಕಾಣದಿರಬಹುದು. ಬಿಗಿತ, ಉರಿ, ಕಪ್ಪೇರುವಿಕೆ, ನಂತರ ಸಿಪ್ಪೆ ಸುಲಿಯುವುದು ಇದರ ಲಕ್ಷಣ. ತಣ್ಣೀರ ಬಟ್ಟೆ, ಸಾಕಷ್ಟು ನೀರು ಕುಡಿಯುವುದು, ಬೊಬ್ಬೆ ಒಡೆಯದಿರುವುದು ಪ್ರಥಮ ಚಿಕಿತ್ಸೆ. ಮಗುವಿಗೆ ಬೊಬ್ಬೆಯೊಡನೆ ಜ್ವರ, ವಾಂತಿ ಬಂದರೆ ವೈದ್ಯರಲ್ಲಿಗೆ ಒಯ್ಯಬೇಕು.

ಡಿ ಜೀವಸತ್ವದ ಪ್ರಶ್ನೆ

ಬಿಸಿಲಿಗೆ ಮುಖ ತಿರುಗಿಸಿದರೆ ಡಿ ಜೀವಸತ್ವ ಎಲ್ಲಿಂದ ಬರಬೇಕೆಂಬ ಪ್ರಶ್ನೆ ನ್ಯಾಯವಾದದ್ದು. ಬಿಸಿಲಿನ ನಾಡಾದ ಭಾರತದ ನಗರಗಳಲ್ಲೇ ಇದರ ಕೊರತೆ ವ್ಯಾಪಕ. ಈ ಜೀವಸತ್ವ ತಯಾರಾಗುವುದು ಬಿ ಕಿರಣದಿಂದ. ಮುಂಜಾನೆಯ ಎಳೆಬಿಸಿಲಿನಲ್ಲಿ ಅದು ಬಹಳ ಕಡಿಮೆ. ಗಾಜಿನ ಹಿಂದೆ ಕುಳಿತವರಿಗೆ ಸಿಗುವುದೇ ಇಲ್ಲ. ಮುಖವನ್ನು ಮರೆಮಾಡಿ, ಕೈಕಾಲುಗಳಿಗೆ ಸ್ವಲ್ಪ ಹೊತ್ತು, ಚರ್ಮ ಉರಿಯುವ ಮೊದಲೇ ಮುಗಿಯುವಷ್ಟು ಬಿಸಿಲು ತಾಗಿಸುವುದು ಸಮತೋಲದ ಹಾದಿ. ಡಿ ಜೀವಸತ್ವ ಸೇರಿಸಿದ ಹಾಲು ಮತ್ತು ಅಡುಗೆ ಎಣ್ಣೆ ಮಾರುಕಟ್ಟೆಯಲ್ಲಿವೆ. ಆಲ್ಬಿನಿಸಂ ಇರುವವರು, ಅಂಗಕಸಿಯಾದವರು ಬಿಸಿಲಿನ ಬದಲು ವೈದ್ಯರು ಹೇಳಿದ ಮಾತ್ರೆಯನ್ನೇ ಆಶ್ರಯಿಸಬೇಕು.

ತಿಂಗಳಿಗೊಮ್ಮೆ ಹತ್ತು ನಿಮಿಷ

ಸ್ನಾನದ ನಂತರ ಒಳ್ಳೆಯ ಬೆಳಕಿನಲ್ಲಿ ಕನ್ನಡಿಯ ಮುಂದೆ ಮೈಯನ್ನು ಪರೀಕ್ಷಿಸಿಕೊಳ್ಳುವುದಕ್ಕೆ ಹತ್ತು ನಿಮಿಷ ಸಾಕು. ಬೆನ್ನು, ತಲೆಬುರುಡೆ, ಕಿವಿಯ ಹಿಂಭಾಗಗಳನ್ನು ಮನೆಯವರು ನೋಡಬೇಕು. ಬಗ್ಗಲಾರದ ಹಿರಿಯರ ಅಂಗಾಲು, ಕಾಲ್ಬೆರಳ ಸಂದುಗಳನ್ನು ಮಕ್ಕಳೋ ಮೊಮ್ಮಕ್ಕಳೋ ನೋಡಿದರೆ, ಮಧುಮೇಹದ ಹುಣ್ಣೂ ಆಗಲೇ ಕಣ್ಣಿಗೆ ಬೀಳುತ್ತದೆ.

ಮಚ್ಚೆಯಲ್ಲಿ ಗಮನಿಸಬೇಕಾದ ಗುರುತು ಐದು. ಎರಡು ಅರ್ಧಗಳು ಒಂದನ್ನೊಂದು ಹೋಲದಿರುವುದು, ಅಂಚು ಅಂಕುಡೊಂಕಾಗಿರುವುದು, ಒಂದರಲ್ಲೇ ಹಲವು ಬಣ್ಣವಿರುವುದು, ಅಗಲ 6 ಮಿಲಿಮೀಟರ್ ಮೀರುವುದು, ಎಲ್ಲಕ್ಕಿಂತ ಮುಖ್ಯವಾಗಿ ದಿನದಿನಕ್ಕೆ ಬದಲಾಗುವುದು. ಕಪ್ಪು ಮೈಬಣ್ಣದವರಲ್ಲಿ ಹಲವು ಉಗುರುಗಳಲ್ಲಿ ಕಪ್ಪು ಗೆರೆ ಇರುವುದು ಸಹಜ. ಒಂದೇ ಉಗುರಿನಲ್ಲಿ ಹೊಸದಾಗಿ ಮೂಡಿ ಅಗಲವಾಗುತ್ತಿರುವ ಗೆರೆ, ಉಗುರಿನ ಬುಡದ ಚರ್ಮಕ್ಕೂ ಹಬ್ಬಿದ ಕಪ್ಪು, ಒಂದು ತಿಂಗಳು ಕಳೆದರೂ ಮಾಯದ ಹುಣ್ಣು, ಹಳೆಯ ಸುಟ್ಟಗಾಯದ ಕಲೆಯಲ್ಲಿ ಹೊಸದಾಗಿ ಎದ್ದ ಗಂಟು ಇವನ್ನು ತಡಮಾಡದೆ ಚರ್ಮರೋಗ ತಜ್ಞರಿಗೆ ತೋರಿಸಬೇಕು. ಮಚ್ಚೆ, ನರಹುಲಿಗಳ ಮೇಲೆ ಸುಣ್ಣ ಸೋಡಾ ಹಚ್ಚಿ ಸುಡುವುದು, ಬ್ಯೂಟಿ ಪಾರ್ಲರಿನಲ್ಲಿ ತೆಗೆಸುವುದು ಬೇಡ. ಏನು ಸುಟ್ಟುಹೋಯಿತೆಂದು ಆಮೇಲೆ ಪರೀಕ್ಷಿಸಲು ಏನೂ ಉಳಿದಿರುವುದಿಲ್ಲ.

ರೋಗ ಖಚಿತವಾಗುವುದು ಬಯಾಪ್ಸಿಯಿಂದ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಚೂರು ಚರ್ಮ ತೆಗೆಯುವ ಸಣ್ಣ ಕೆಲಸವಿದು. ಕತ್ತಿ ಮುಟ್ಟಿದರೆ ಕ್ಯಾನ್ಸರ್ ಹರಡುತ್ತದೆಂಬ ಮಾತು ಹಳ್ಳಿ ಪಟ್ಟಣಗಳೆರಡರಲ್ಲೂ ಕೇಳಿಬರುತ್ತದೆ. ಈ ಭಯದಿಂದ ಬಯಾಪ್ಸಿ ಮುಂದೂಡಿದವರಲ್ಲಿ ರೋಗ ಹರಡುವುದು ಕತ್ತಿಯಿಂದಲ್ಲ, ಕಳೆದುಹೋದ ಸಮಯದಿಂದ. ಜಿಲ್ಲಾ ಆಸ್ಪತ್ರೆ ಮತ್ತು ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗವಿದೆ. ಕ್ಯಾನ್ಸರ್ ಎಂದು ತಿಳಿದರೆ ಅಲ್ಲಿಂದಲೇ ಮುಂದಿನ ಚಿಕಿತ್ಸೆಗೆ ಕಳುಹಿಸುತ್ತಾರೆ. ಆರಂಭದಲ್ಲಿ ಸಿಕ್ಕ ಚರ್ಮದ ಕ್ಯಾನ್ಸರಿಗೆ ಹೆಚ್ಚಿನ ಸಂದರ್ಭಗಳಲ್ಲಿ ಒಂದು ಶಸ್ತ್ರಚಿಕಿತ್ಸೆಯೇ ಪೂರ್ಣ ಪರಿಹಾರ.

ಮೈಯ ಹೊರಗೇ ಬೆಳೆಯುವ ಕಾರಣ, ಯಂತ್ರದ ನೆರವಿಲ್ಲದೆ ಬರಿಗಣ್ಣಿಗೆ ಕಾಣುವ ಕ್ಯಾನ್ಸರ್ ಇದು. ಕರ್ನಾಟಕದ ಬಿಸಿಲಿನಲ್ಲಿ ಹೆದರಿ ಬಾಗಿಲು ಹಾಕಿಕೊಳ್ಳುವ ಅಗತ್ಯ ಯಾರಿಗೂ ಇಲ್ಲ. ನೆರಳು ಗಿಡ್ಡವಾದಾಗ ತಲೆಗೊಂದು ಮರೆ, ತಿಂಗಳಿಗೊಮ್ಮೆ ಅಂಗಾಲಿಗೊಂದು ನೋಟ ಇವೆರಡನ್ನು ಮನೆಯ ಪಾಠವಾಗಿಸಿಕೊಂಡರೆ ಸಾಕು.